ಹಳೆಯ ಮೋಟಾರು ಗಾಡಿಯೂ ಓಟದ ಪಥವೂ

ಗೌರಿಬಿದನೂರು ತಾಲ್ಲೂಕಿನಲ್ಲಿ ತೊಂಡೇಬಾವಿಗೆ ಸಮೀಪವಾಗಿರುವ ಅಲೀಪುರವು ಹರಳಿನ ವ್ಯಾಪಾರಕ್ಕೆ ಹೆಸರಾದ ಊರು. ಆ ಊರಿನ ಒಂದು ಮನೆಯ ಹಿಂದಣ ತಗಡಿನ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ದಾಟಿದ ಎರಡಾಸನದ ಕ್ರೀಡಾ ಮೋಟಾರೊಂದು ಟಾರ್ಪಾಲಿನ ಮರೆಯಲ್ಲಿ ನಿಂತಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನವಕ್ಕೆ ಡ್ರಂ ಬ್ರೇಕು, ಇಂಧನಕ್ಕೆ ಹಳೆಯ ಪದ್ಧತಿಯ ಕಾರ್ಬ್ಯುರೇಟರು. ಸವಾರನೂ ಸೇರಿ ತೂಕ ಸುಮಾರು ಸಾವಿರ ಕಿಲೋಗ್ರಾಂ. ಮನೆಯ ಯಜಮಾನರ ಅಣ್ಣನ ಮಗ ಬಿ.ಎಸ್‌ಸಿ. ವಿದ್ಯಾರ್ಥಿ. ಆತ ಒಂದು ಭಾನುವಾರ ನಮ್ಮನ್ನು ಆ ಕೊಟ್ಟಿಗೆಗೆ ಕರೆದೊಯ್ದು, "ಸಾರ್, ಚಾಚಾ ಈ ಗಾಡಿಯನ್ನು ಮದರಾಸಿನ ಓಟದ ಪಥಕ್ಕೆ ಒಯ್ಯುವುದಕ್ಕೆ ಒಪ್ಪಿದ್ದಾರೆ. ಇನ್ನಷ್ಟು ವೇಗ ಬರಬೇಕಾದರೆ ಏನೇನು ಬದಲಾಯಿಸಬೇಕು?" ಎಂದು ಕೇಳಿದ.

ನಾವು ಆತನಿಗೆ ಕೊಟ್ಟ ಉತ್ತರವೇ ಈ ಲೇಖನದ ವಸ್ತು. ವೇಗ ಹೆಚ್ಚಿಸುವ ಮಾತನ್ನು ಸದ್ಯಕ್ಕೆ ಬದಿಗಿಡು, ಈ ಗಾಡಿಯಲ್ಲಿ ಹುಟ್ಟುವ ಉಷ್ಣವು ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲು ಲೆಕ್ಕ ಹಾಕು, ಎಂದೆವು. ಹಳೆಯ ಗಾಡಿಯು ಓಟದ ಪಥದಲ್ಲಿ ಕೆಡುವುದು ಶಕ್ತಿ ಸಾಲದೆ ಅಲ್ಲ; ಹುಟ್ಟಿದ ಉಷ್ಣವನ್ನು ಹೊರಹಾಕಲಾರದೆ ಕೆಡುತ್ತದೆ.

ಈ ಮಾತನ್ನು ನಾವು ಪುಸ್ತಕದಿಂದ ಮಾತ್ರ ಕಲಿತವರಲ್ಲ. ಕೆಲವು ವರ್ಷಗಳ ಹಿಂದೆ ಇದೇ ಗಾಡಿಯಲ್ಲಿ ಯಜಮಾನರ ಪಕ್ಕದಲ್ಲಿ ಕುಳಿತು ನಂದಿಬೆಟ್ಟದಿಂದ ಇಳಿಯುತ್ತಿದ್ದೆವು. ಪೆಟ್ರೋಲು ಉಳಿಯಲೆಂದು ಅವರು ಗೇರನ್ನು ನ್ಯೂಟ್ರಲ್ಲಿಗೆ ತಂದು, ತಿರುವಿನಿಂದ ತಿರುವಿಗೆ ಬ್ರೇಕನ್ನೇ ನೆಚ್ಚಿ ಇಳಿಸುತ್ತಿದ್ದರು. ಅರ್ಧ ದಾರಿ ಕಳೆದಿರಬೇಕು, ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಅವರು ಕಾಲಿಟ್ಟಾಗ ಪೆಡಲು ಯಾವ ತಡೆಯನ್ನೂ ಕೊಡದೆ ನೆಲಕ್ಕೆ ಮುಟ್ಟಿತು. ಅವರು ಗಾಬರಿಯಾಗದೆ ಗಾಡಿಯನ್ನು ಗೇರಿಗೆ ಹಾಕಿ, ಪೆಡಲನ್ನು ಮೇಲಿಂದ ಮೇಲೆ ತುಳಿದು, ಕೈಬ್ರೇಕನ್ನು ಮೆಲ್ಲಗೆ ಎಳೆದು, ರಸ್ತೆಯಂಚಿನ ಕಲ್ಲುಕಟ್ಟೆಗೆ ಒಂದು ಮೊಳ ಉಳಿದಿರುವಂತೆ ನಿಲ್ಲಿಸಿದರು. ಅರ್ಧ ಗಂಟೆ ಕಳೆದ ಮೇಲೆ ನೋಡಿದರೆ ಪೆಡಲು ಎಂದಿನಂತೆ ಗಟ್ಟಿಯಾಗಿತ್ತು! ಎಲ್ಲಿಯೂ ಎಣ್ಣೆ ಸೋರಿರಲಿಲ್ಲ, ಯಾವ ಭಾಗವೂ ಮುರಿದಿರಲಿಲ್ಲ. ಹಾಗಾದರೆ ಆ ತಿರುವಿನಲ್ಲಿ ನಡೆದುದೇನು?

ಅದನ್ನು ತಿಳಿಯುವ ಮುನ್ನ ಓಟದ ಪಥದ ವಿಚಾರವಾಗಿ ಎರಡು ಮಾತು. ಇಲ್ಲಿ ನಾವು ಹೇಳುತ್ತಿರುವುದು ಪಂದ್ಯವಲ್ಲ. ಪಥದ ಒಡೆಯರು ಕೆಲವು ದಿನಗಳಲ್ಲಿ ಶುಲ್ಕ ಪಡೆದು, ಜನರು ತಂತಮ್ಮ ಗಾಡಿಗಳನ್ನು ಹದಿನೈದಿಪ್ಪತ್ತು ನಿಮಿಷಗಳ ಸರದಿಯಲ್ಲಿ ಓಡಿಸಲು ಅವಕಾಶ ಕೊಡುತ್ತಾರೆ. ಎದುರಿನಿಂದ ವಾಹನ ಬಾರದು. ದನಕರು, ಸೈಕಲ್ಲು, ಶಾಲೆಯ ಮಕ್ಕಳು ಅಡ್ಡ ಬರುವಂತಿಲ್ಲ. ತಪ್ಪಿದರೆ ಹೊರಳಲು ಬಯಲಿದೆ. ಪಕ್ಕದಲ್ಲಿ ವೈದ್ಯರ ಗಾಡಿ ಸಿದ್ಧವಾಗಿರುತ್ತದೆ. ದಕ್ಷಿಣ ಭಾರತದಲ್ಲಿ ಈ ಅಭ್ಯಾಸಕ್ಕೆ ಹಳೆಯ ಬೇರುಂಟು. ಎರಡನೆಯ ಮಹಾಯುದ್ಧದ ಕಾಲದ ವಿಮಾನಪಥವೊಂದು ಮದರಾಸಿನ ಬಳಿಯ ಶೋಳಾವರಂನಲ್ಲಿ ಉಳಿದುಕೊಂಡಿತ್ತು. 1950ರ ದಶಕದಿಂದ ಮೋಟಾರು ಪಂದ್ಯಗಳು ಅಲ್ಲಿ ನಡೆದವು. ಬೆಂಗಳೂರಿನವರು ಯಲಹಂಕದ ವಿಮಾನಪಥದಲ್ಲಿಯೂ ಪಂದ್ಯಗಳನ್ನು ಕಂಡಿದ್ದಾರೆ. 1990ರಲ್ಲಿ ಶ್ರೀಪೆರಂಬುದೂರಿನ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿಲೋಮೀಟರು ಉದ್ದದ ಶಾಶ್ವತ ಪಥವು ತೆರೆಯಿತು. ಕೊಯಮತ್ತೂರಿನ ಪಥಕ್ಕೆ, ಭಾರತದಲ್ಲಿಯೇ ಓಟದ ಗಾಡಿಗಳನ್ನು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರನ್ನಿಟ್ಟಿದ್ದಾರೆ.

ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಬೆಂಗಳೂರಿನ ಸಿಪಾನಿ ಸಂಸ್ಥೆಯು 1980ರ ದಶಕದಲ್ಲಿ, ಬ್ರಿಟನ್ನಿನ ರಿಲಯಂಟ್ ಕಿಟನ್ ಗಾಡಿಯ ಮಾದರಿಯನ್ನು ಹಿಡಿದು, ಗಾಜಿನ ನಾರಿನ ಮೈಯುಳ್ಳ 'ಡಾಲ್ಫಿನ್' ಎಂಬ ಪುಟ್ಟ ಗಾಡಿಯನ್ನು ತಯಾರಿಸಿತು. ಅದರ ಎಂಜಿನು 848 ಘನ ಸೆಂಟಿಮೀಟರಿನದು. ಸಂಸಾರಸ್ಥರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೆ ತೂಕ ಕಡಿಮೆಯಾದುದರಿಂದ ಪಂದ್ಯಗಾರರು ಮೆಚ್ಚಿದರು. 1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಸಂಸ್ಥೆಯಿಂದ 'ಸ್ಯಾನ್ ಸ್ಟಾರ್ಮ್' ಎಂಬ ತೆರೆದ ಎರಡಾಸನದ ಗಾಡಿಯೂ ಬಂದಿತು. ಈ ಬಗೆಯ ಗಾಡಿಗಳು ಇಂದಿಗೂ ಅಲ್ಲಲ್ಲಿ ಕೊಟ್ಟಿಗೆಗಳಲ್ಲಿ ಉಳಿದಿವೆ. ಗಾಜಿನ ನಾರಿನ ಮೈ ತುಕ್ಕು ಹಿಡಿಯದು ಎಂಬ ಧೈರ್ಯದಿಂದ ಅದರ ಕೆಳಗಿರುವ ಉಕ್ಕಿನ ಚೌಕಟ್ಟನ್ನು ಮರೆಯುವವರೇ ಹೆಚ್ಚು. ಅಂಥ ಗಾಡಿ ಕೊಳ್ಳುವವರು ಮೊದಲು ಅಡಿಯಲ್ಲಿ ಮಲಗಿ ನೋಡಬೇಕು.

ಲೆಕ್ಕ ಹೀಗಿದೆ

ಈಗ ಲೆಕ್ಕಕ್ಕೆ ಬರೋಣ. ಗಂಟೆಗೆ 108 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 30 ಮೀಟರು. ಸಾವಿರ ಕಿಲೋಗ್ರಾಂ ಗಾಡಿಯ ಚಲನಶಕ್ತಿಯು, ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಾಗ, 4,50,000 ಜೂಲ್ ಆಗುತ್ತದೆ. ಗಾಡಿ ನಿಂತಿತೆಂದರೆ ಇಷ್ಟು ಶಕ್ತಿಯೂ ಹೆಚ್ಚುಕಡಿಮೆ ಪೂರ್ತಿಯಾಗಿ ಬ್ರೇಕುಗಳಲ್ಲಿ ಉಷ್ಣವಾಗಿ ಮಾರ್ಪಟ್ಟಿತೆಂದೇ ಅರ್ಥ. ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಸುಮಾರು ಒಂದೂವರೆ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಕ್ತಿ ಸಾಕು. ಒಲೆಯ ಮೇಲೆ ಇದಕ್ಕೆ ಕೆಲವು ನಿಮಿಷ ಬೇಕು; ಬ್ರೇಕು ಇದನ್ನು ನಾಲ್ಕೈದು ಸೆಕೆಂಡಿನಲ್ಲಿ ಮಾಡಬೇಕು.

ಪಥದಲ್ಲಿ ಯಾರೂ ಪೂರ್ತಿ ನಿಲ್ಲಿಸುವುದಿಲ್ಲ. ತಿರುವಿಗೆ ಮುನ್ನ 108ರಿಂದ 36ಕ್ಕೆ ಇಳಿಸಿದರೆಂದಿಟ್ಟುಕೊಳ್ಳಿ. ವೇಗವು ಮೂರರಲ್ಲಿ ಒಂದಕ್ಕೆ ಇಳಿದರೂ, ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, ಬ್ರೇಕಿಗೆ ಹೋಗುವುದು 4,00,000 ಜೂಲ್. ಒಂಬತ್ತರಲ್ಲಿ ಎಂಟು ಪಾಲು. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬಾಗುವುದರಿಂದ ಕೆಲಸದ ನೂರಕ್ಕೆ ಎಪ್ಪತ್ತು ಪಾಲು ಮುಂದಿನ ಎರಡು ಚಕ್ರಗಳದ್ದು. ಅಂದರೆ ಮುಂದಿನ ಒಂದೊಂದು ಡಿಸ್ಕಿಗೆ 1,40,000 ಜೂಲ್. ಡಿಸ್ಕಿನ ತೂಕ 5 ಕಿಲೋಗ್ರಾಂ, ಎರಕದ ಕಬ್ಬಿಣದ ವಿಶಿಷ್ಟೋಷ್ಣ 460 ಎಂದು ಹಿಡಿದರೆ, ಒಂದೇ ಸಲಕ್ಕೆ ಅದರ ಉಷ್ಣತೆ ಸುಮಾರು 60 ಡಿಗ್ರಿ ಸೆಂಟಿಗ್ರೇಡ್ ಏರುತ್ತದೆ. ಸುತ್ತಿಗೆ ಮೂರು ಇಂಥ ತಿರುವುಗಳಿದ್ದು, ನಡುವೆ ತಣಿಯಲು ಅರ್ಧ ನಿಮಿಷವೂ ದೊರೆಯದಿದ್ದರೆ, ನಾಲ್ಕೈದು ಸುತ್ತಿನೊಳಗೆ ಡಿಸ್ಕು ಮುನ್ನೂರು ನಾನೂರು ಡಿಗ್ರಿ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಪೇಟೆಯ ರಸ್ತೆಯಲ್ಲಿ ಇಷ್ಟು ಶಾಖವನ್ನು ಅದು ಎಂದೂ ಕಂಡಿರುವುದಿಲ್ಲ.

ನಂದಿಯ ಲೆಕ್ಕವನ್ನೂ ಇದರ ಪಕ್ಕದಲ್ಲಿಡೋಣ. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರು. ರಸ್ತೆ ಇಳಿಯುವುದು ಸುಮಾರು 500 ಮೀಟರು ಎತ್ತರವನ್ನು. ಸಾವಿರ ಕಿಲೋಗ್ರಾಂ ಗಾಡಿ ಅಷ್ಟು ಇಳಿದಾಗ ಕಳೆದುಕೊಳ್ಳುವ ಸ್ಥಾನಶಕ್ತಿ 49 ಲಕ್ಷ ಜೂಲ್. ಇದು 108 ಕಿಲೋಮೀಟರು ವೇಗದಿಂದ ಹನ್ನೊಂದು ಸಲ ಪೂರ್ತಿ ನಿಲ್ಲಿಸಿದುದಕ್ಕೆ ಸಮ! ಗಾಳಿಯ ತಡೆಯೂ ಟಯರುಗಳೂ ಒಂದು ಪಾಲನ್ನು ಹೊರುತ್ತವೆಂಬುದು ನಿಜ. ಗೇರಿನಲ್ಲಿ ಇಳಿದಿದ್ದರೆ ಎಂಜಿನು ದೊಡ್ಡ ಪಾಲನ್ನು ಹೊತ್ತು ರೇಡಿಯೇಟರಿನ ಮೂಲಕ ಗಾಳಿಗೆ ಬಿಡುತ್ತಿತ್ತು. ನ್ಯೂಟ್ರಲ್ಲಿನಲ್ಲಿ ಇಳಿದ ನಮ್ಮ ಯಜಮಾನರು ಒಂದು ಲೋಟ ಪೆಟ್ರೋಲು ಉಳಿಸಲು ಹೋಗಿ, ಸಮಸ್ತ ಹೊರೆಯನ್ನೂ ನಾಲ್ಕು ಬ್ರೇಕುಗಳ ತಲೆಗೆ ಕಟ್ಟಿದ್ದರು.

ಹರಳಿಗೆ ಸಾಣೆ ಹಿಡಿಯುವವರನ್ನು ನೋಡಿದವರಿಗೆ ಇದು ಹೊಸ ಸಂಗತಿಯಲ್ಲ. ಸಾಣೆಯ ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರಬೇಕು. ನೀರು ನಿಂತರೆ ಘರ್ಷಣೆಯ ಶಾಖಕ್ಕೆ ಹರಳು ಬಿರುಕು ಬಿಡಬಹುದು. ಬ್ರೇಕಿನ ಮೇಲೆ ನೀರು ಸುರಿಯುವಂತಿಲ್ಲ, ಗಾಳಿಯೊಂದೇ ಗತಿ.

ಪೆಡಲು ಮೂರು ಬಗೆಯಲ್ಲಿ ಕೈಕೊಡುತ್ತದೆ

ಬಿಸಿಯೇರಿದ ಬ್ರೇಕು ಮೂರು ರೀತಿಯಲ್ಲಿ ಸೋಲುತ್ತದೆ, ಮೂರನ್ನೂ ಕಾಲಿನಿಂದಲೇ ಗುರುತಿಸಬಹುದು. ಪೆಡಲು ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ, ಪ್ಯಾಡಿನ ಘರ್ಷಣಗುಣ ಕುಂದಿತೆಂದು ತಿಳಿಯಬೇಕು; ಅದನ್ನು ಬಂಧಿಸಿರುವ ರಾಳವು ಸುಟ್ಟು, ಪ್ಯಾಡಿಗೂ ಡಿಸ್ಕಿಗೂ ನಡುವೆ ಅನಿಲ ತುಂಬುವುದೂ ಉಂಟು. ಪೆಡಲು ಎಂದಿಗಿಂತ ಹೆಚ್ಚು ಕೆಳಗೆ ಹೋಗಿ ಆಮೇಲೆ ಗಟ್ಟಿಯಾದರೆ, ಡ್ರಮ್ಮು ಹಿಗ್ಗಿದೆ. 200 ಮಿಲಿಮೀಟರು ವ್ಯಾಸದ ಕಬ್ಬಿಣದ ಡ್ರಮ್ಮು 300 ಡಿಗ್ರಿ ಬಿಸಿಯೇರಿದಾಗ ಮುಕ್ಕಾಲು ಮಿಲಿಮೀಟರಿಗೆ ತುಸು ಕಡಿಮೆ ಹಿಗ್ಗುತ್ತದೆ. ಅದು ಷೂಗಳಿಂದ ದೂರ ಸರಿಯುವುದರಿಂದ ಕಾಲು ಅಷ್ಟು ಹೆಚ್ಚು ತುಳಿಯಬೇಕಾಗುತ್ತದೆ. ಡಿಸ್ಕಾದರೋ ಹಿಗ್ಗಿದಾಗ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಡಿಸ್ಕ್ ಬ್ರೇಕು ಡ್ರಮ್ಮನ್ನು ಓಟದ ಪಥದಿಂದ ಓಡಿಸಿದುದಕ್ಕೆ ಇದೂ ಒಂದು ಕಾರಣ. ನಾಲ್ಕೂ ಚಕ್ರಗಳಿಗೆ ಡ್ರಮ್ಮುಗಳಿದ್ದ ಹಳೆಯ ಫಿಯಟ್ ಗಾಡಿಗಳನ್ನು ಶೋಳಾವರಂನಲ್ಲಿ ಓಡಿಸಿದವರು ಎಂಥ ಧೈರ್ಯಶಾಲಿಗಳೆಂದು ಇದರಿಂದ ಊಹಿಸಬಹುದು.

ಮೂರನೆಯದು ನಾವು ನಂದಿಯಲ್ಲಿ ಕಂಡದ್ದು: ಪೆಡಲು ತಡೆಯೇ ಇಲ್ಲದೆ ನೆಲ ಮುಟ್ಟುವುದು. ಪಾಸ್ಕಲನ ನಿಯಮವನ್ನು ಎಲ್ಲರೂ ಓದಿದ್ದೀರಿ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ; ದ್ರವವು ಕುಗ್ಗದಿರುವುದರಿಂದಲೇ ಕಾಲಿನ ಒತ್ತಡ ಚಕ್ರದವರೆಗೆ ತಲಪುತ್ತದೆ. ಆದರೆ ಆ ದ್ರವ ಕುದಿದು ಆವಿಯಾದರೆ? ಆವಿಯು ಕುಗ್ಗುವ ವಸ್ತು. ಕಾಲಿನ ಚಲನೆಯೆಲ್ಲವೂ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ಮುಗಿದು, ಪ್ಯಾಡಿಗೆ ಏನೂ ಉಳಿಯುವುದಿಲ್ಲ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲು ಎಂದಿನಂತೆ ಗಟ್ಟಿಯಾಗುತ್ತದೆ. ಅಪರಾಧಿಯು ಸ್ಥಳದಲ್ಲಿ ಸುಳಿವನ್ನೇ ಉಳಿಸುವುದಿಲ್ಲ.

ಬ್ರೇಕಿನ ದ್ರವ ಅಷ್ಟು ಸುಲಭವಾಗಿ ಕುದಿಯುವುದೆ ಎಂದು ಕೇಳಬಹುದು. ಡಬ್ಬಿಯಿಂದ ಆಗತಾನೆ ತೆಗೆದ ಡಾಟ್ 4 ದರ್ಜೆಯ ದ್ರವವು 230 ಡಿಗ್ರಿಯವರೆಗಾದರೂ ಕುದಿಯಬಾರದೆಂದು ಮಾನಕವು ವಿಧಿಸುತ್ತದೆ. ಡಾಟ್ 3 ಆದರೆ 205. ಆದರೆ ಗ್ಲೈಕಾಲ್ ಜಾತಿಯ ಈ ದ್ರವಗಳಿಗೆ ನೀರಿನ ದಾಹ ಬಹಳ. ರಬ್ಬರಿನ ನಳಿಕೆಗಳ ಮೂಲಕವೂ, ಮುಚ್ಚಳದ ಸಂದಿನಿಂದಲೂ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತವೆ. ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ ನೀರು ಸೇರಿದರೆ ಸಾಕು, ಡಾಟ್ 4ರ ಕುದಿಬಿಂದು 155ಕ್ಕೂ ಡಾಟ್ 3ರದು 140ಕ್ಕೂ ಇಳಿಯಬಹುದು. ನಮ್ಮ ಯಜಮಾನರ ಗಾಡಿಯ ದ್ರವವನ್ನು ಹೊರತೆಗೆದಾಗ ಅದು ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ಎಷ್ಟು ವರ್ಷದ್ದೆಂದು ಅವರಿಗೇ ನೆನಪಿಲ್ಲ.

ವಿದ್ಯಾರ್ಥಿಯು ಶೆಲ್ಫಿನ ಮೇಲಿಂದ ಅರ್ಧ ತುಂಬಿದ ಡಬ್ಬಿಯೊಂದನ್ನು ತಂದು, "ಇದು ಡಾಟ್ 4 ಅಲ್ಲವೆ ಸಾರ್? ಹಾಳು ಮಾಡುವುದೇಕೆ?" ಎಂದ. ಎರಡು ವರ್ಷದ ಹಿಂದೆ ಒಡೆದ ಡಬ್ಬಿಯ ದ್ರವವು ಅಷ್ಟರಲ್ಲಿ ಎಷ್ಟು ನೀರು ಕುಡಿದಿದೆಯೋ ಯಾರು ಬಲ್ಲರು? ಹೊಸ ಡಬ್ಬಿ ತರಿಸಿದೆವು. ಕೆಲಸದ ಕ್ರಮ ಸರಳ. ಮುಖ್ಯ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ಸಮೀಪದ ಚಕ್ರಕ್ಕೆ ಬರುವುದು ವಾಡಿಕೆ. ಆಯಾ ಗಾಡಿಯ ಕೈಪಿಡಿ ಬೇರೆ ಹೇಳಿದರೆ ಅದೇ ಪ್ರಮಾಣ. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ಬ್ಲೀಡರ್ ತಿರುಪನ್ನು ಸಡಿಲಿಸಿ, ಪಾರದರ್ಶಕ ನಳಿಕೆಯ ಮೂಲಕ ಹಳೆಯದನ್ನು ಬಾಟಲಿಗೆ ಬಿಟ್ಟು, ಪೆಡಲು ಮೇಲೇಳುವ ಮುನ್ನವೇ ಮುಚ್ಚಬೇಕು. ಹೊಸ ದ್ರವದ ತಿಳಿಬಣ್ಣ ಗುಳ್ಳೆಯಿಲ್ಲದೆ ಬರುವವರೆಗೆ ಇದೇ ಆವರ್ತನೆ. ಮೇಲಿನ ಪಾತ್ರೆ ಬರಿದಾಗಲು ಬಿಡಬಾರದು. ಬಿಟ್ಟರೆ ಗಾಳಿ ಹೊಕ್ಕು, ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಈ ದ್ರವ ಬಣ್ಣವನ್ನು ತಿನ್ನುತ್ತದೆ. ಮೈಮೇಲೆ ಚೆಲ್ಲಿದರೆ ಕೂಡಲೆ ನೀರಿನಿಂದ ತೊಳೆಯಿರಿ. ಎಂಜಿನ್ ಎಣ್ಣೆಯನ್ನಾಗಲಿ ಸಿಲಿಕೋನಿನ ಡಾಟ್ 5 ದ್ರವವನ್ನಾಗಲಿ ಇದರೊಡನೆ ಬೆರೆಸಕೂಡದು. ಖನಿಜ ತೈಲ ತಗಲಿದರೆ ಬ್ರೇಕಿನ ರಬ್ಬರುಗಳು ಊದಿ ಕೆಡುತ್ತವೆ.

ಹಾಗೆಯೇ ಹಳೆಯ ರಬ್ಬರಿನ ಬ್ರೇಕು ನಳಿಕೆಗಳನ್ನೂ ಬದಲಾಯಿಸಿದೆವು. ಹೊರಗೆ ಚೆನ್ನಾಗಿ ಕಂಡರೂ, ಒತ್ತಡ ಬಿದ್ದಾಗ ಅವು ಬಲೂನಿನಂತೆ ತುಸು ಉಬ್ಬುತ್ತವೆ. ಶಾಖ ತಡೆಯುವ ಪ್ಯಾಡುಗಳನ್ನು ಹಾಕಿ, ಮುಂದಿನ ಬಂಪರಿನ ಕೆಳಗಿನಿಂದ ಡಿಸ್ಕಿನವರೆಗೆ ಗಾಳಿ ಒಯ್ಯುವ ಕೊಳವೆಯನ್ನು ಜೋಡಿಸಿದೆವು. ವೇಗ ಹೆಚ್ಚಿಸಲು ನಾವು ಒಂದು ಪೈಸೆಯನ್ನೂ ಇನ್ನೂ ಖರ್ಚು ಮಾಡಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ವಿದ್ಯಾರ್ಥಿಯೂ ಗಮನಿಸಿದ, ಅಸಮಾಧಾನದಿಂದ.

ಬೋರ್‌ವೆಲ್ಲಿನ ನೀರು

ಎಂಜಿನಿನ ಉಷ್ಣದ ಕಥೆಗೆ ನಮ್ಮ ಸೀಮೆಯದೇ ಒಂದು ಅಧ್ಯಾಯವಿದೆ. ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ತಿಳಿದದ್ದು. ಸ್ನಾನದ ಹಂಡೆಯ ಒಳಗೆ ಬಿಳಿಯ ಹೆಪ್ಪು ಕಟ್ಟುವುದನ್ನು ನೋಡಿರುತ್ತೀರಿ. ವರ್ಷಗಟ್ಟಲೆ ಆ ನೀರನ್ನೇ ರೇಡಿಯೇಟರಿಗೆ ಹುಯ್ದರೆ ಎಂಜಿನಿನ ಒಳಗೋಡೆಗಳ ಮೇಲೂ ಅದೇ ಹೆಪ್ಪು ಕೂರುತ್ತದೆ. ಲೋಹಕ್ಕಿಂತ ಎಷ್ಟೋ ಪಾಲು ಕಡಿಮೆ ಉಷ್ಣವಾಹಕವಾದ ಈ ಪದರವು ಎಂಜಿನಿಗೆ ಕಂಬಳಿ ಹೊದಿಸಿದಂತೆ. ನಿಧಾನವಾಗಿ ಓಡಿಸುವಾಗ ತೊಂದರೆ ಕಾಣದು. ಪೂರ್ತಿ ಶಕ್ತಿಯಲ್ಲಿ ಹದಿನೈದು ನಿಮಿಷ ಓಡಿಸಿದಾಗ ಸೂಜಿ ಕೆಂಪು ಗೆರೆ ದಾಟುತ್ತದೆ. ಆದುದರಿಂದ ಒಳಭಾಗವನ್ನು ತೊಳೆಸಿ, ಬಟ್ಟಿಯಿಳಿಸಿದ ನೀರನ್ನೂ ಕೂಲೆಂಟನ್ನೂ ತುಂಬಿದೆವು. ರೇಡಿಯೇಟರಿನ ಹೊರಗಿನ ರೆಕ್ಕೆಗಳ ನಡುವೆ ಬಯಲುಸೀಮೆಯ ಕೆಮ್ಮಣ್ಣೂ ಸತ್ತ ಹುಳುಗಳೂ ಅಡಕವಾಗಿದ್ದವು, ಅವನ್ನೂ ತೆಗೆದೆವು.

ರೇಡಿಯೇಟರಿನ ಮುಚ್ಚಳ ಸಣ್ಣ ವಸ್ತುವೆಂದು ಅಸಡ್ಡೆ ಮಾಡಬೇಡಿ. ಅಲೀಪುರದ ಎತ್ತರ ಸುಮಾರು 700 ಮೀಟರಾದುದರಿಂದ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೆ ಮುನ್ನವೇ ಕುದಿಯುತ್ತದೆ. ನಂದಿಯ ಮೇಲೆ 95ರ ಸುಮಾರಿಗೆ. ಪ್ರೆಷರ್ ಕುಕ್ಕರಿನ ತತ್ತ್ವದಿಂದ ಈ ಮುಚ್ಚಳವು ಒತ್ತಡವನ್ನು ಹಿಡಿದಿಟ್ಟು ಕುದಿಬಿಂದುವನ್ನು ಮೇಲೇರಿಸುತ್ತದೆ. ವಾಯುಮಂಡಲದ ಅರ್ಧದಷ್ಟು ಹೆಚ್ಚುವರಿ ಒತ್ತಡ ಸಿಕ್ಕರೂ ನೀರು 110 ಡಿಗ್ರಿಯ ಸುಮಾರಿನವರೆಗೆ ಕುದಿಯದು. ಸ್ಪ್ರಿಂಗು ಸೋತ ಹಳೆಯ ಮುಚ್ಚಳಕ್ಕೆ ಇದು ಸಾಧ್ಯವಿಲ್ಲ. ಬಿಸಿಯಿರುವಾಗ ಅದನ್ನು ತೆರೆಯಬಾರದೆಂಬುದಕ್ಕೂ ಇದೇ ಕಾರಣ: ಒತ್ತಡ ಹೋದ ಕ್ಷಣವೇ ಕುದಿದ ನೀರು ಮುಖಕ್ಕೆ ಚಿಮ್ಮುತ್ತದೆ.

ಎಣ್ಣೆಯ ವಿಷಯ ಚಿಕ್ಕದಾದರೂ ಎಂಜಿನ್ನನ್ನು ಕೊಲ್ಲಬಲ್ಲದು. 50 ಮೀಟರು ತ್ರಿಜ್ಯದ ತಿರುವನ್ನು ಸೆಕೆಂಡಿಗೆ 20 ಮೀಟರು ವೇಗದಲ್ಲಿ ಸುತ್ತಿದರೆ ಪಕ್ಕದ ವೇಗೋತ್ಕರ್ಷ 8 ಮೀಟರು, ಗುರುತ್ವದ ಹತ್ತರಲ್ಲಿ ಎಂಟು ಪಾಲು. ಆಗ ಕೆಳಗಿನ ತಟ್ಟೆಯಲ್ಲಿರುವ ಎಣ್ಣೆಯ ಮೇಲ್ಮೈ 39 ಡಿಗ್ರಿ ಓರೆಯಾಗುತ್ತದೆ. ಎಣ್ಣೆ ಕಡಿಮೆಯಿದ್ದರೆ ಪಂಪಿನ ಬಾಯಿ ಬರಿಗಾಳಿಯನ್ನು ಹೀರುತ್ತದೆ, ಬೇರಿಂಗುಗಳು ಒಣಗುತ್ತವೆ. ಕಡ್ಡಿಯ ಮೇಲಿನ ಗುರುತಿನವರೆಗೆ ತುಂಬಿ. ಅದನ್ನು ಮೀರಿ ತುಂಬಿದರೆ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತದೆ.

ಪ್ರಸ್ಥಭೂಮಿಯಿಂದ ಕರಾವಳಿಗೆ

ಇನ್ನು ವಿದ್ಯಾರ್ಥಿಯ ಮುಖ ಅರಳಿಸಿದ ಭಾಗ. ಅಲೀಪುರದ ಏಳುನೂರು ಮೀಟರು ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟಕ್ಕಿಂತ ನೂರಕ್ಕೆ ಎಂಟು ಪಾಲು ಕಡಿಮೆ. ಮದರಾಸಿನ ಪಥವಾದರೋ ಕರಾವಳಿಯ ತಗ್ಗಿನಲ್ಲಿದೆ. ಅಲ್ಲಿ ಗಾಳಿ ದಟ್ಟ. ಹೊಸ ಗಾಡಿಗಳಲ್ಲಿ ಗಣಕಯಂತ್ರವು ಇದನ್ನು ಅಳೆದು ಪೆಟ್ರೋಲನ್ನು ಸರಿಹೊಂದಿಸುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ. ಅದರ ಜೆಟ್ಟಿನ ರಂಧ್ರ ಒಂದೇ. ಗಾಳಿಗೂ ಪೆಟ್ರೋಲಿಗೂ ಇರುವ ತೂಕದ ಪ್ರಮಾಣವು ಗಾಳಿಯ ಸಾಂದ್ರತೆಯ ವರ್ಗಮೂಲವನ್ನು ಅನುಸರಿಸುತ್ತದೆ. ಆದುದರಿಂದ ಇಲ್ಲಿ ಸರಿಯಾಗಿದ್ದ ಮಿಶ್ರಣವು ಅಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ತೆಳುವಾಗುತ್ತದೆ. ತೆಳು ಮಿಶ್ರಣದಲ್ಲಿ ಪೂರ್ತಿ ಶಕ್ತಿಯಿಂದ ಓಡಿಸಿದರೆ ಎಂಜಿನು ಕಾದು, ಟಕಟಕ ಬಡಿದು, ಪಿಸ್ಟನ್ನಿನ ತಲೆ ಕರಗುವ ಅಪಾಯವುಂಟು.

ಇದರ ಮೇಲೆ ಎಥನಾಲಿನ ಮಾತು ಬೇರೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಈ ಬೆರಕೆಗೆ 13.5ರ ಸುಮಾರು ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಮಿಶ್ರಣವು ಮನೆಯಲ್ಲಿ ನಿಂತಾಗಲೇ ನೂರಕ್ಕೆ ಎಂಟು ಪಾಲು ತೆಳುವಾಗಿದೆ. ಎಥನಾಲು ಆವಿಯಾಗುವಾಗ ಮಿಶ್ರಣವನ್ನು ತಂಪಾಗಿಸಿ, ಬಡಿತವನ್ನು ತಡೆಯುವುದೂ ನಿಜ. ಆದರೆ ಅದನ್ನೇ ನೆಚ್ಚುವಂತಿಲ್ಲ.

ಜೆಟ್ಟಿನ ಮೇಲೆ ಕೆತ್ತಿರುವ ಅಂಕೆಯು ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಪಾಲುಗಳಲ್ಲಿ ಹೇಳುತ್ತದೆ. ಈ ಗಾಡಿಯದು 125. ಪೆಟ್ರೋಲು ನೂರಕ್ಕೆ ಎಂಟು ಹೆಚ್ಚಬೇಕಾದರೆ ರಂಧ್ರದ ವಿಸ್ತೀರ್ಣ ಅಷ್ಟು ಹೆಚ್ಚಬೇಕು, ವ್ಯಾಸವು ಅದರ ವರ್ಗಮೂಲದಷ್ಟು: ಲೆಕ್ಕಕ್ಕೆ 130 ಬರುತ್ತದೆ. ಮದರಾಸಿನ ದಟ್ಟ ಗಾಳಿಗೆ ಇನ್ನೂ ಮೂರು ನಾಲ್ಕು ಪಾಲು ಸೇರಿಸಿದರೆ 132ಕ್ಕೆ ತುಸು ಆಚೀಚೆ. ದೊರೆಯುವ ಅಳತೆಗಳಲ್ಲಿ ಹತ್ತಿರದ್ದು 132.5. ವಿದ್ಯಾರ್ಥಿಯು ಈ ಲೆಕ್ಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಮಾಡಿ, ಎರಡು ಜೆಟ್ಟುಗಳನ್ನೂ ತರಿಸಿದ. ಲೆಕ್ಕವನ್ನು ಸ್ಪಾರ್ಕ್ ಪ್ಲಗ್ಗಿನಿಂದ ಪರೀಕ್ಷಿಸಬೇಕು: ನಸುಗಂದು ಬಣ್ಣವಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳು, ಮಸಿಯಿದ್ದರೆ ದಟ್ಟ. ಸಂದೇಹವಿದ್ದರೆ ಮಸಿಯ ಕಡೆಗೇ ವಾಲುವುದು ಕ್ಷೇಮ. ಮಸಿಯನ್ನು ಒರೆಸಬಹುದು, ಕರಗಿದ ಪಿಸ್ಟನ್ನನ್ನು ಒರೆಸಲಾಗದು.

ಎಥನಾಲು ಹಳೆಯ ರಬ್ಬರನ್ನು ಮೆತ್ತಗಾಗಿಸಿ ಸೀಳುತ್ತದೆ. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಗಾಡಿಯೇ ಉರಿಯಬಹುದು. ಇಂಧನದ ನಳಿಕೆಗಳನ್ನೆಲ್ಲ ಎಥನಾಲನ್ನು ತಾಳುವಂಥವುಗಳಿಂದ ಬದಲಾಯಿಸಿದೆವು. ಸವಾರನ ಕೈಗೆಟಕುವಂತೆ ಬೆಂಕಿ ಆರಿಸುವ ಸಿಲಿಂಡರನ್ನು ಬಿಗಿದೆವು. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಎಥನಾಲು ನೀರನ್ನು ಹೀರಿ ತಳದಲ್ಲಿ ಬೇರೆಯಾಗುವುದೂ ಉಂಟು. ಹಳೆಯ ಪೆಟ್ರೋಲನ್ನು ಪಥಕ್ಕೆ ಒಯ್ಯದೆ ಬರಿದು ಮಾಡುವುದು ಲೇಸು.

ಟಯರಿನೊಳಗಿನ ಗಾಳಿ

ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕೆಗಳನ್ನು ಓದಲು ಕಲಿಯಿರಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ನಮ್ಮ ಗಾಡಿಯ ಟಯರುಗಳ ಹಲ್ಲು ಹೊಸದರಂತೆಯೇ ಇತ್ತು, ವಯಸ್ಸು ಮಾತ್ರ ಹದಿನಾಲ್ಕು. ರಬ್ಬರು ಗಡುಸಾಗಿ ಸಣ್ಣ ಬಿರುಕು ಬಿಟ್ಟಿತ್ತು. ಯಜಮಾನರು "ಇನ್ನೂ ಸವೆದೇ ಇಲ್ಲವಲ್ಲ!" ಎಂದು ಕೊರಗಿದರೂ ಕೊನೆಗೆ ಒಪ್ಪಿದರು.

ಒತ್ತಡದ ವಿಷಯದಲ್ಲಿ ಎರಡು ಸಂಗತಿಗಳುಂಟು. ಅಲೀಪುರದಲ್ಲಿ ಅಳತೆಗೋಲು 28 ಪೌಂಡು ತೋರಿದರೆ, ಹೊರಗಿನ ವಾಯುಭಾರ 13.5 ಸೇರಿ ಒಳಗಿನ ನಿಜವಾದ ಒತ್ತಡ 41.5. ಅದೇ ಟಯರನ್ನು ಅದೇ ಉಷ್ಣತೆಯಲ್ಲಿ ಮದರಾಸಿನಲ್ಲಿ ಅಳೆದರೆ, ಅಲ್ಲಿನ ವಾಯುಭಾರ 14.7 ಕಳೆದು 27ಕ್ಕೂ ಕಡಿಮೆ ತೋರುತ್ತದೆ. ಗಾಳಿ ಸೋರಿಲ್ಲ, ಹೊರಗಿನ ಲೋಕ ಬದಲಾಗಿದೆ. ಎರಡನೆಯದು ಬಿಸಿಯ ಪರಿಣಾಮ. ಅಲ್ಲಿ ಮತ್ತೆ 28ಕ್ಕೆ ತುಂಬಿ, 30 ಡಿಗ್ರಿಯಿದ್ದ ಟಯರು ಓಡಿ 70 ಡಿಗ್ರಿಗೆ ಏರಿತೆನ್ನಿ. ಒಟ್ಟು ಒತ್ತಡ 42.7ನ್ನು 343ರಿಂದ ಗುಣಿಸಿ 303ರಿಂದ ಭಾಗಿಸಿದರೆ 48.3, ಅಳತೆಗೋಲಿನಲ್ಲಿ 33ಕ್ಕೂ ಮೇಲೆ. ಆದಕಾರಣ ಪ್ರತಿ ಸರದಿಯ ಕೊನೆಗೆ ಬಿಸಿಯಿರುವಾಗಲೇ ಅಳೆದು, ಹೆಚ್ಚಾದುದನ್ನು ಬಿಟ್ಟು, ಸಂಜೆ ಊರಿಗೆ ಹೊರಡುವ ಮುನ್ನ ಮರೆಯದೆ ಮತ್ತೆ ತುಂಬಬೇಕು.

ಚಕ್ರದ ನಟ್ಟುಗಳನ್ನು ಅಳತೆಯ ಪಾನದಿಂದ ಬಿಗಿಯುವುದು, ಚಕ್ರವನ್ನು ಮೇಲೆತ್ತಿ ಅಲುಗಾಡಿಸಿ ಬೇರಿಂಗನ್ನು ಪರೀಕ್ಷಿಸುವುದು, ಬ್ಯಾಟರಿಯನ್ನು ಕಟ್ಟುವುದು, ಹಳೆಯ ಸೀಟು ಪಟ್ಟಿಗಳನ್ನು ಬದಲಾಯಿಸುವುದು, ಗಾಡಿಯೊಳಗಿನ ಸಡಿಲ ವಸ್ತುಗಳನ್ನೆಲ್ಲ ತೆಗೆಯುವುದು, ಇವು ಹೇಳದೆಯೂ ತಿಳಿಯುವಂಥವು. ಆದರೂ ಹೇಳಿದೆವು; ಏಕೆಂದರೆ ಆಸನದ ಕೆಳಗಿನಿಂದ ನಮಗೆ ಸಿಕ್ಕಿದ ನೀರಿನ ಬಾಟಲಿಯೊಂದು ಉರುಳಿ ಬ್ರೇಕಿನ ಪೆಡಲಿನ ಹಿಂದೆ ಸಿಕ್ಕಿಕೊಳ್ಳಲು ಸರಿಯಾದ ಗಾತ್ರದ್ದಾಗಿತ್ತು.

ಗಾಡಿಯನ್ನು ಲಾರಿಯ ಮೇಲೇರಿಸಿ ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ರಾತ್ರಿ ಕ್ರಮಿಸಿದೆವು. ಮೊದಲ ಸುತ್ತು ನಿಧಾನ, ಕೊನೆಯ ಸುತ್ತು ಬ್ರೇಕನ್ನೇ ಮುಟ್ಟದಂತೆ ಇನ್ನೂ ನಿಧಾನ. ಗಾಳಿಯೇ ಡಿಸ್ಕನ್ನು ತಣಿಸಬೇಕು. ನಿಲ್ಲಿಸಿದಾಗ ಕೈಬ್ರೇಕು ಎಳೆಯಬಾರದೆಂದೂ ಸವಾರನಿಗೆ ಹೇಳಿದ್ದೆವು. ಕಾದ ಡ್ರಮ್ಮು ತಣಿಯುತ್ತ ಕುಗ್ಗಿದಾಗ ಷೂಗಳನ್ನು ಕಚ್ಚಿ ಹಿಡಿದೀತು. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡುವುದು ಸಾಕು. ನಾಲ್ಕು ಸರದಿಗಳಲ್ಲಿ ಯಜಮಾನರೂ ಅವರ ಅಣ್ಣನ ಮಗನೂ ಪಾಳಿಯಂತೆ ಓಡಿಸಿದರು. ಪಕ್ಕದ ಹೊಸ ಗಾಡಿಗಳೆಲ್ಲವೂ ಇವರನ್ನು ದಾಟಿ ಹೋದವು. ಎರಡನೆಯ ಸರದಿಯ ತರುವಾಯ ಪೆಡಲು ತುಸು ಕೆಳಗಿಳಿದಿತ್ತು. ನೋಡಿದರೆ ಹಿಂದಿನ ಡ್ರಮ್ಮು ಹಿಗ್ಗಿತ್ತು, ದ್ರವ ಕುದಿದಿರಲಿಲ್ಲ. ಅರ್ಧ ಗಂಟೆ ತಣಿಸಿ ಮುಂದುವರಿದೆವು. ಪ್ಲಗ್ಗುಗಳು ನಸುಗಂದಾಗಿದ್ದವು.

ಅಲೀಪುರಕ್ಕೆ ಮರಳಿದ ಮರುದಿನ ವಿದ್ಯಾರ್ಥಿಯು 132.5ರ ಜೆಟ್ಟನ್ನು ಬಿಚ್ಚಿ 130ನ್ನು ಹಾಕಿದ. ಬಿಚ್ಚಿದ್ದನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದಾಗ ಯಜಮಾನರು ಹರಳು ಮಡಿಸಿಡುವ ಬಿಳಿಯ ಕಾಗದದ ಪೊಟ್ಟಣವೊಂದನ್ನು ಕೊಟ್ಟರು. ಹಳೆಯ 125ನ್ನೂ ಅದರೊಳಗೇ ಇಟ್ಟು, ಹೊರಗೆ 'ಮದರಾಸು' ಎಂದೂ ಅದರ ಕೆಳಗೆ 'ಶುದ್ಧ ಪೆಟ್ರೋಲು ಸಿಕ್ಕಿದರೆ' ಎಂದೂ ಬರೆದು, ತಾರೀಖು ಹಾಕಿ, ಆತ ಅದನ್ನು ಬ್ರೇಕು ದ್ರವದ ಖಾಲಿ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದಾನೆ.